ಬಿಸಿ ಕಾರಿಗೆ ತಣ್ಣನೆಯ ಪ್ಲಗ್

ನಮ್ಮ ಸಂಘದ ಪತ್ರಿಕೆಯಲ್ಲಿ ಇದುವರೆಗೆ ಕಂಬಳ, ಯಕ್ಷಗಾನ, ಪತ್ರೊಡೆ, ಮೊಣಕಾಲು ನೋವು ಎಲ್ಲದರ ಬಗ್ಗೆಯೂ ಲೇಖನಗಳು ಬಂದಿವೆ. ಸ್ಪಾರ್ಕ್ ಪ್ಲಗ್ಗಿನ ಬಗ್ಗೆ ಮಾತ್ರ ಯಾರೂ ಬರೆದಂತಿಲ್ಲ. ಸಂಪಾದಕರು "ನಿಮಗೆ ಗೊತ್ತಿರುವ ವಿಷಯ ಬರೆಯಿರಿ" ಎಂದದ್ದರಿಂದ ಈ ಧೈರ್ಯ ಮಾಡಿದ್ದೇನೆ.

ಖಾರಘರದ ಯಾವ ಸೊಸೈಟಿಯ ಪಾರ್ಕಿಂಗ್ ನೋಡಿದರೂ ಈಗ ಒಂದೆರಡು 'ಹಾಟ್ ಹ್ಯಾಚ್' ಕಾರುಗಳು ಕಾಣಸಿಗುತ್ತವೆ. ಹೊರಗಿನಿಂದ ನೋಡಿದರೆ ಹಿಂಬಾಗಿಲು ಮೇಲಕ್ಕೆ ತೆರೆಯುವ ಸಾಧಾರಣ ಸಣ್ಣ ಕಾರು. ಒಳಗೆ ಮಾತ್ರ ಖಾರದ ಎಂಜಿನ್. (ಊರಿನ ಹೆಸರಲ್ಲೇ ಖಾರವಿರುವಾಗ ಹುಡುಗರನ್ನು ಬೈದು ಪ್ರಯೋಜನವಿಲ್ಲ.) ಈ ಹುಚ್ಚು ಹೊಸದೇನಲ್ಲ. 2001ರಲ್ಲಿ ಫಿಯೆಟ್ ಪಾಲಿಯೊ 1.6 ಬಂದಾಗ ಸಣ್ಣ ಕಾರಿಗೆ 100 ಅಶ್ವಶಕ್ತಿಯೇ ಎಂದು ಜನ ಬಾಯಿ ಬಿಟ್ಟಿದ್ದರು. ಅದು ತಯಾರಾದದ್ದು ನಮ್ಮ ಕುರ್ಲಾದಲ್ಲಿ. ಆಮೇಲೆ 2013ರಲ್ಲಿ ಟರ್ಬೊ ಹೊತ್ತ ಪೋಲೊ ಜಿಟಿ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್ ಬಂದವು. ಇವೆಲ್ಲ ಈಗ ತಯಾರಾಗುತ್ತಿಲ್ಲ; ಪೋಲೊ ಕೂಡ 2022ರಲ್ಲಿ ನಿಂತಿತು. ಆದ್ದರಿಂದ ಹುಡುಗರು ಕೊಳ್ಳುವುದೆಲ್ಲ ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕ ಯಾವ ಪ್ಲಗ್ ಹಾಕಿದ್ದ, ಯಾಕೆ ಹಾಕಿದ್ದ ಎಂಬುದು ಆ ದೇವರಿಗೇ ಗೊತ್ತು.

ನಾನು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು. ಹಗಲು ಕುರ್ಲಾದ ಒಂದು ಗ್ಯಾರೇಜು, ಸಂಜೆ ಕನ್ನಡ ರಾತ್ರಿಶಾಲೆ. ಆಗ ನಮ್ಮ ಕೈಗೆ ಬರುತ್ತಿದ್ದವು ಪ್ರೀಮಿಯರ್ ಪದ್ಮಿನಿಗಳು, ಹೆಚ್ಚಿನವು ಟ್ಯಾಕ್ಸಿಗಳು. ಪ್ಲಗ್ ಎಂದರೆ ಮೈಕೋ, ಮೈಕೋ ಎಂದರೆ ಬೆಂಗಳೂರಿನ ಆಡುಗೋಡಿ. ಜರ್ಮನಿಯ ಬಾಷ್ ಕಂಪನಿಯ ನಂಟಿನಿಂದ 1951ರಲ್ಲಿ ಹುಟ್ಟಿದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದೇ ಆಯಿತು. ಮೈಕೋ ಎಂಬುದು ಈಗ ಬೆಂಗಳೂರಿನ ಬಡಾವಣೆಯ ಹೆಸರಿನಲ್ಲಿ ಉಳಿದಿದೆ. ಹಿಂದೀ ಮರಾಠಿ ಮಾತಾಡುವ ಮಿಸ್ತ್ರಿಗಳ ನಡುವೆ ನಿಂತು ಮೈಕೋ ಪೆಟ್ಟಿಗೆಯ ಮೇಲೆ ಬೆಂಗಳೂರು ಎಂದು ಓದಿದಾಗ ನನಗೆ ಊರಿನ ಕಾಗದ ಬಂದಷ್ಟು ಸಂತೋಷವಾಗುತ್ತಿತ್ತು.

ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗನೂ ಖಾರಘರದಲ್ಲೇ ಇದ್ದಾನೆ. ಅವನ ಬಳಿ ಇರುವುದು ಹಳೆಯ ಪೋಲೊ ಜಿಟಿ, 105 ಅಶ್ವಶಕ್ತಿಯದು. ಅದು ಸಾಲದೆಂದು ಒಂದು ಕಡೆ ಕೊಟ್ಟು ಎಂಜಿನ್ನಿನ ಕಂಪ್ಯೂಟರನ್ನು 'ರೀಮ್ಯಾಪ್' ಮಾಡಿಸಿದ. ಇಪ್ಪತ್ತೈದು ಅಶ್ವಶಕ್ತಿ ಹೆಚ್ಚಾಗಿದೆ ಎಂದು ಅವರು ಹೇಳಿದರು. ಜೊತೆಗೆ ಕಂಪನಿ ಹೇಳಿದ್ದಕ್ಕಿಂತ ಎರಡು ಮೆಟ್ಟಿಲು ತಣ್ಣನೆಯ ಪ್ಲಗ್ಗುಗಳನ್ನೂ ಜಡಿದು ಕಳಿಸಿದರು. ಜುಲೈ ತಿಂಗಳು, ಜಡಿಮಳೆ. ಮೂರು ವಾರದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಕೆಮ್ಮತೊಡಗಿತು, ಎಂಜಿನ್ ದೀಪ ಮಿನುಗತೊಡಗಿತು. ಈ ದೀಪ ಸುಮ್ಮನೆ ಉರಿದರೆ ಒಂದು ಮಾತು. ಮಿಟುಕಿಸಿದರೆ ಪೆಟ್ರೋಲ್ ಉರಿಯದೆ ಸೈಲೆನ್ಸರಿನ ದಾರಿ ಹಿಡಿದಿದೆ, ಅಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು ಎಂದು ಅರ್ಥ. ನಾಗರಪಂಚಮಿಗೆ ಅಕ್ಕನನ್ನು ಕೂರಿಸಿಕೊಂಡು ಊರಿಗೆ ಹೋಗುವುದೆಂದು ಬೇರೆ ನಿಶ್ಚಯವಾಗಿತ್ತು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಮಳೆಯಲ್ಲಿ, ಘಾಟಿಯಲ್ಲಿ, ರಾತ್ರಿ ಗಾಡಿ ನಿಂತರೆ?

"ಮಾವ, ಬಿಸಿ ಎಂಜಿನ್ನಿಗೆ ತಣ್ಣನೆ ಪ್ಲಗ್ ಬೇಕು ಅಂತ ನೀವೇ ಹೇಳುತ್ತಿದ್ದಿರಲ್ಲ?" ಎಂದ ಹುಡುಗ.

ಮಾತು ನಿಜವೇ. ಆದರೆ ತಣ್ಣನೆ ಎಂದರೆ ಎಷ್ಟು? ಹೋಟೆಲಿನಲ್ಲಿ ದುಡಿದ ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ. ದೋಸೆ ಕಾವಲಿ ಕಾಯದಿದ್ದರೆ ಹಿಟ್ಟು ಹಿಡಿದುಕೊಳ್ಳುತ್ತದೆ, ಅತಿಯಾಗಿ ಕಾದರೆ ಸೀಯುತ್ತದೆ. ಪ್ಲಗ್ಗಿನ ಮೂತಿಯೂ ಹಾಗೆಯೇ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಮಸಿ ಕೂರುತ್ತಾ ಹೋಗುತ್ತದೆ. ಅದಕ್ಕಿಂತ ಮೇಲಿದ್ದರೆ ಮಸಿಯನ್ನು ತಾನೇ ಸುಟ್ಟು ಶುಚಿಯಾಗುತ್ತದೆ. 850 ದಾಟಿತೋ, ಮೂತಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಮೇಲಕ್ಕೆ ಬರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಅದು ಸುತ್ತಿಗೆಯ ಪೆಟ್ಟು. ಕರಗಿ ತೂತಾದ ಪಿಸ್ಟನ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಬಿಸಿ ಪ್ಲಗ್, ತಣ್ಣನೆ ಪ್ಲಗ್ ಎಂಬ ವ್ಯತ್ಯಾಸವೆಲ್ಲ ಒಳಗಿನ ಬಿಳಿ ಪಿಂಗಾಣಿಯ ಮೂತಿಯಲ್ಲಿದೆ. ಮೂತಿ ಉದ್ದವಿದ್ದರೆ ಶಾಖ ಹೊರಗೆ ಹೋಗಲು ದೂರ ನಡೆಯಬೇಕು, ಅದು ಬಿಸಿ ಪ್ಲಗ್. ಗಿಡ್ಡವಿದ್ದರೆ ಬೇಗ ಇಳಿದುಹೋಗುತ್ತದೆ, ಅದು ತಣ್ಣನೆಯದು. ಒಂದು ಮೆಟ್ಟಿಲು ಬದಲಾದರೆ ಮೂತಿಯ ಶಾಖ 70ರಿಂದ 100 ಡಿಗ್ರಿ ಬದಲಾಗುತ್ತದೆ. ನಮ್ಮ ಹುಡುಗನ ಕಾರು ವಾರದ ಐದು ದಿನ ಓಡುವುದು ಖಾರಘರದಿಂದ ಬೇಲಾಪುರಕ್ಕೆ; ಎಂಜಿನ್ ಕಾಯುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಅಲ್ಲಿ ಎರಡು ಮೆಟ್ಟಿಲು ತಣ್ಣನೆಯ ಪ್ಲಗ್ 450 ಮುಟ್ಟುವುದೆಂದು? ಅದು ರೇಸಿನ ಮೈದಾನದಲ್ಲಿ ಇಡೀ ದಿನ ಕಿರುಚುವ ಎಂಜಿನ್ನಿಗೆ ಸರಿ. ಪ್ಲಗ್ ತಯಾರಕರೇ ಹೇಳುವ ಒಂದು ಅಂದಾಜಿದೆ: 75ರಿಂದ 100 ಅಶ್ವಶಕ್ತಿ ಹೆಚ್ಚಿಸಿದರೆ ಒಂದು ಮೆಟ್ಟಿಲು ತಣ್ಣಗೆ ಹೋಗಿ ಎಂದು. ಇವನು ಹೆಚ್ಚಿಸಿದ್ದು ಇಪ್ಪತ್ತೈದು!

ಪ್ಲಗ್ ಬಿಚ್ಚಿದೆವು. ನಾಲ್ಕೂ ಒಣ ಮಸಿಯಿಂದ ಕಪ್ಪು, ನಮ್ಮೂರಿನ ಅಡುಗೆಮನೆಯ ಮಾಡಿನಂತೆ. ಎಣ್ಣೆಯ ಪಸೆ ಇರಲಿಲ್ಲ, ಅಂದರೆ ಎಂಜಿನ್ ಗಟ್ಟಿಯಾಗಿದೆ ಎಂದಾಯಿತು. ಅಷ್ಟೇ ಸಮಾಧಾನ.

ಹೊಸದು ಕೊಳ್ಳಲು ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋದಾಗ ಇನ್ನೊಂದು ಗೊಂದಲ ಕಾದಿತ್ತು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಅಂಕೆ ದೊಡ್ಡದಾದಷ್ಟೂ ತಣ್ಣಗೆ. 6ಕ್ಕಿಂತ 7 ತಣ್ಣನೆಯದು. ಬಾಷ್‌ನಲ್ಲಿ ತದ್ವಿರುದ್ಧ, 6ಕ್ಕಿಂತ 7 ಬಿಸಿ. ಚಾಂಪಿಯನ್ ಕೂಡ ಬಾಷ್‌ನ ದಾರಿಯೇ. ನಮ್ಮ ಕಾಲದ ಬಾಷ್‌ನಲ್ಲಿ 175, 225 ಎಂಬ ಅಂಕೆಗಳಿದ್ದವು, ಆಗ ದೊಡ್ಡ ಅಂಕೆಯೇ ತಣ್ಣನೆಯದು! "ಒಂದು ನಂಬರ್ ಜಾಸ್ತಿ ಕೊಡಿ" ಎಂದು ಕೇಳಿ, ತಣ್ಣನೆಯದರ ಬದಲು ಬಿಸಿಯದನ್ನು ಟರ್ಬೊ ಕಾರಿಗೆ ಹಾಕಿ ಘಾಟಿ ಹತ್ತಿಸಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ. ಆದ್ದರಿಂದ ಅಂಕೆಯನ್ನು ನಂಬಬೇಡಿ. ಕಾರಿನ ಪುಸ್ತಕದಲ್ಲಿರುವ ಪೂರ್ತಿ ಹೆಸರು, ಅಕ್ಷರಗಳ ಸಮೇತ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅಂಗಡಿಯವನು ಇರಿಡಿಯಂ ಎಂದರೆ ಪವರ್ ಬರುತ್ತದೆ ಎಂದ. ಯಾವ ಪ್ಲಗ್ಗೂ ಶಕ್ತಿ ಕೊಡುವುದಿಲ್ಲ. ಇರುವ ಶಕ್ತಿ ಸೋರದಂತೆ ನೋಡುತ್ತದೆ, ಅಷ್ಟೆ. ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2446ರಲ್ಲಿ. ಗಟ್ಟಿ ಲೋಹವಾದ್ದರಿಂದ ತುದಿಯನ್ನು ಸೂಜಿಯಷ್ಟು ಸಪೂರ ಮಾಡಬಹುದು. ಸಪೂರ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲಿ ಹಾರುತ್ತದೆ, ಸವೆತವೂ ನಿಧಾನ. ಟರ್ಬೊ ಎಂಜಿನ್ನಿನಲ್ಲಿ ಇದಕ್ಕೆ ಬೆಲೆಯಿದೆ. ಗಾಳಿ ಒತ್ತೊತ್ತಾಗಿ ತುಂಬಿರುವಾಗ ಕಿಡಿ ಹಾರುವುದು ಕಷ್ಟ. ತುದಿ ಸವೆದು ಸಂದು ದೊಡ್ಡದಾದರೆ ಕಾಯಿಲ್ ಏದುಸಿರು ಬಿಟ್ಟು ಸಾಯುತ್ತದೆ. ಅದಕ್ಕೇ ಟರ್ಬೊಗಳಲ್ಲಿ ಈ ಸಂದು ಸಾಮಾನ್ಯವಾಗಿ ಕಡಿಮೆ. ಹಳೆಯ ಅಭ್ಯಾಸದಂತೆ ಸ್ಕ್ರೂಡ್ರೈವರಿನಿಂದ ತಟ್ಟಿ ಸಂದು ಸರಿಮಾಡಲು ಹೋದರೆ ಇರಿಡಿಯಂ ತುದಿ ಪಟ್ಟೆಂದು ಮುರಿಯುತ್ತದೆ. ನಕಲಿಯ ಕಾಟವೂ ಇದೆ. ಅಚ್ಚು ಮಸುಕಾಗಿದ್ದರೆ, ವಾಷರ್ ಸುಲಭವಾಗಿ ಕಳಚಿ ಕೈಗೆ ಬಂದರೆ, ಪ್ಲಗ್ ಹಿಂದಿರುಗಿಸಿ.

ಕೊನೆಗೆ ಕಂಪನಿ ಹೇಳಿದ ಶಾಖದ ಮೆಟ್ಟಿಲಿನದೇ ನಾಲ್ಕು ಪ್ಲಗ್ ಬಿಲ್ ಸಮೇತ ತಂದೆವು. ಹುಡುಗ ಒಂದು ಮೆಟ್ಟಿಲಾದರೂ ತಣ್ಣಗೆ ಹೋಗೋಣ ಎಂದು ವಾದಿಸಿದ. "ಮಾರಾಯ, ಹಿಂದಿನ ಸೀಟಿನಲ್ಲಿ ಕೂರುವುದು ನಿನ್ನ ಅಮ್ಮ" ಎಂದೆ. ಸುಮ್ಮನಾದ. ಎಂಜಿನ್ ಪೂರ್ತಿ ಆರಿದ ಮೇಲೆ, ಅಲ್ಯೂಮಿನಿಯಂ ಹೆಡ್ಡಿನ ಮರೆ ಹಾಳಾಗದಂತೆ, ಮೊದಲು ಬೆರಳಿನಲ್ಲೇ ತಿರುಗಿಸಿ, ಕೊನೆಗೆ ಟಾರ್ಕ್ ಪಾನದಿಂದ ಬಿಗಿದೆವು.

ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹಿಡಿದು ಬೋರ್ ಘಾಟಿ ಹತ್ತಿದೆವು. ಸಾತಾರಾಕ್ಕೆ ಮೊದಲಿನ ಖಂಬಾಟ್ಕಿಯನ್ನೂ ಹತ್ತಿದೆವು. ನಿಪ್ಪಾಣಿಯಲ್ಲಿ ಕನ್ನಡದ ಬೋರ್ಡು ಕಂಡಾಗ ಅಕ್ಕ ಎದ್ದು ಕೂತು ಚಹಾ ಬೇಕೆಂದಳು. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಾಟಿಯನ್ನು ಸುರಿಮಳೆಯಲ್ಲಿ ಇಳಿದೆವು. ದೀಪ ಒಮ್ಮೆಯೂ ಮಿನುಗಲಿಲ್ಲ. ಊರಿನ ಅಂಗಳದಲ್ಲಿ ಮರುದಿನ ಒಂದು ಪ್ಲಗ್ ಬಿಚ್ಚಿ ನೋಡಿದೆ. 2000ದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಬಣ್ಣ ಮೊದಲಿನಷ್ಟು ಗಾಢವಾಗಿ ಕೂರುವುದಿಲ್ಲ; ಆದರೂ ಹಾಲು ಹೆಚ್ಚಾದ ಕಾಫಿಯ ಬಣ್ಣ ಸ್ಪಷ್ಟವಾಗಿತ್ತು. ಬಿಳುಚಿರಲಿಲ್ಲ, ಗುಳ್ಳೆ ಎದ್ದಿರಲಿಲ್ಲ.

ಆ ಎರಡು ಮೆಟ್ಟಿಲು ತಣ್ಣನೆಯ ಪ್ಲಗ್ಗುಗಳು ನನ್ನ ಬಳಿಯೇ ಇವೆ, ಒಂದರಿಂದ ನಾಲ್ಕರವರೆಗೆ ನಂಬರ್ ಬರೆದ ಡಬ್ಬಿಯಲ್ಲಿ. ಮ್ಯಾಪ್ ತೆಗೆಸು ಎಂದು ಹುಡುಗನಿಗೆ ನಾನು ಹೇಳಿಲ್ಲ, ವಯಸ್ಸಿನ ಖುಷಿ. ಆದರೆ ದೀಪಾವಳಿಗೆ ಇನ್ನೊಮ್ಮೆ ಪ್ಲಗ್ ಬಿಚ್ಚಿ ತೋರಿಸಬೇಕೆಂದು ಮಾತು ತೆಗೆದುಕೊಂಡಿದ್ದೇನೆ.