ಗುಂಯ್‌ಗುಟ್ಟುವ ಪೆಟ್ಟಿಗೆ

ನಮ್ಮ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆಯ ಕಥೆ ಹೇಳುವುದೆಂದರೆ ಅವರಿಗೆ ಊಟಕ್ಕಿಂತಲೂ ಪ್ರಿಯ. 1988ರ ಒಂದು ಸಂಜೆ ಅವರ ಮಾತನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಈಗ ಅವರೂ ಇಲ್ಲ, ತಾಯಿಯವರೂ ಇಲ್ಲ. ಉಳಿದಿರುವುದು ಇಪ್ಪತ್ತು ನಿಮಿಷಗಳ ಆ ಧ್ವನಿಯೊಂದೇ.

ಕಳೆದ ಬೇಸಿಗೆಯಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸೋಗಾನೆಯ ಮನೆಯಲ್ಲಿ ಸ್ಪೀಕರಿನ ಮುಂದೆ ಕುಳಿತೆ. ತಂದೆಯವರ ಮಾತಿನೊಡನೆ, ಜೇನುಹುಟ್ಟಿಗೆ ಕಲ್ಲು ಬಿದ್ದಂತೆ, ಎಡೆಬಿಡದ ಗುಂಯ್‌ಕಾರ!

ನೆರೆಯವರು ವಿಮಾನ ನಿಲ್ದಾಣದತ್ತ ಬೆರಳು ತೋರಿದರು. 2023ರ ಫೆಬ್ರವರಿ 27ರಂದು ಅದು ಉದ್ಘಾಟನೆಯಾದ ಮೇಲೆ, ಅವರ ಹಸು ಹಾಲು ಕೊಡದಿದ್ದರೂ ಅದೇ ಕಾರಣ. ಮಗನು, ಕಂಪ್ಯೂಟರಿನಲ್ಲಿಯೇ ಶಬ್ದವನ್ನು ತೊಳೆದುಬಿಡೋಣವೆಂದನು. ತೊಳೆದದ್ದೂ ಆಯಿತು. ಗುಂಯ್‌ಕಾರವೂ ತಗ್ಗಿನ ಸ್ವರ, ತಂದೆಯವರ ಕಂಠವೂ ತಗ್ಗಿನದು. ಒಂದನ್ನು ತೊಳೆಯಲು ಹೋಗಿ ಇನ್ನೊಂದೂ ಕರಗಿ, ಮೂಗಿನಲ್ಲಿ ಮಾತನಾಡುವ ಯಾರೋ ಅಪರಿಚಿತರು ಉಳಿದರು. ಪುಣ್ಯಕ್ಕೆ ಮೂಲಪ್ರತಿಯನ್ನು ಅಳಿಸಿರಲಿಲ್ಲ.

ಫ್ಯಾನು ಸರಿಮಾಡಲು ಬಂದಿದ್ದ ವೈರಿಂಗ್ ಹುಡುಗನು ಇದನ್ನು ಕೇಳಿ, "ಮೊದಲು ಕ್ಯಾಸೆಟ್ಟಿನ ಮಾತು ನಿಲ್ಲಿಸಿ ಸಾರ್" ಎಂದನು. ನಿಲ್ಲಿಸಿದೆ. ತಂದೆಯವರು ಸುಮ್ಮನಾದರು, ಗುಂಯ್‌ಕಾರ ನಿಲ್ಲಲಿಲ್ಲ. ಇಷ್ಟು ದಿನ ಈ ಪರೀಕ್ಷೆ ನನಗೆ ಹೊಳೆದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಅವನು ಕಂಪ್ಯೂಟರಿನಿಂದ ಬಂದ ತಂತಿಯನ್ನು ಸ್ಪೀಕರಿನ ಬೆನ್ನಿನಿಂದ ಕಿತ್ತನು. ಮನೆ ನಿಶ್ಶಬ್ದವಾಯಿತು.

ಕಂಪ್ಯೂಟರಿನ ಪ್ಲಗ್ಗು ಒಂದು ಗೋಡೆಯಲ್ಲಿ, ಸ್ಪೀಕರಿನದು ಎದುರು ಗೋಡೆಯಲ್ಲಿ. ಎರಡರ ಅರ್ತ್ ತಂತಿಗಳೂ ಬೇರೆ ಬೇರೆ ದಾರಿ ಹಿಡಿದಿದ್ದವು. ನಡುವಣ ತಂತಿ ಅವೆರಡನ್ನೂ ಸೇರಿಸಿ ಒಂದು ಸುತ್ತನ್ನೇ ಕಟ್ಟಿತ್ತು. ಸೆಕೆಂಡಿಗೆ 50 ಬಾರಿ ಹೊಯ್ದಾಡುವ ನಮ್ಮ ವಿದ್ಯುತ್ತಿನ ಸಣ್ಣ ಅಂಶವೊಂದು ಆ ಸುತ್ತಿನಲ್ಲಿ ಹರಿಯಲು, ಬಡಪಾಯಿ ಸ್ಪೀಕರು ಅದನ್ನೂ ಸಂಗೀತವೆಂದೇ ಬಗೆದು ಹಿಗ್ಗಿಸಿ ಹಾಡುತ್ತಿತ್ತು.

"ಹಾಗಾದರೆ ಸ್ಪೀಕರಿನ ಮೂರನೆಯ ಪಿನ್ನು ಮುರಿದುಬಿಡಲೇ?" ಎಂದೆ.

ಹುಡುಗನು ಬೆಚ್ಚಿದನು. "ಅದು ಶಬ್ದಕ್ಕೆ ಇಟ್ಟಿದ್ದಲ್ಲ ಸಾರ್, ನಿಮ್ಮ ಜೀವಕ್ಕೆ."

ಎರಡು ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ, ಕಿತ್ತ ತಂತಿಯನ್ನು ಮತ್ತೆ ಜೋಡಿಸಿ, ಕರೆಂಟಿನ ತಂತಿಗಳಿಂದ ದೂರ ಸರಿಸಿಟ್ಟನು. ಅಷ್ಟೇ ಚಿಕಿತ್ಸೆ.

ಆ ರಾತ್ರಿ ಒಬ್ಬನೇ ಕುಳಿತು ಮತ್ತೆ ಕೇಳಿದೆ. ತಂದೆಯವರು ಕರಗಿದ ಕಬ್ಬಿಣದ ಬಣ್ಣವನ್ನು ವರ್ಣಿಸುತ್ತಿದ್ದರು. ಇದುವರೆಗೆ ಗುಂಯ್‌ಕಾರದಲ್ಲಿ ಮುಳುಗಿಹೋಗಿದ್ದ ಸಣ್ಣ ದನಿಯೊಂದು ಆಗ ಹಿಂದಿನಿಂದ, ಅಡಿಗೆಮನೆಯ ಕಡೆಯಿಂದ, ಕೇಳಿಬಂದಿತು:

"ಹಾಲಿನವನು ಬಂದ್ನೇನ್ರೀ?"

ತಂದೆಯವರು ಕಥೆ ನಿಲ್ಲಿಸಿ, "ಇಲ್ಲ ಕಣೇ" ಎಂದು ಮುಂದುವರಿಸಿದರು.