17ನೇ ಟೋಕನ್

ಸೋಮವಾರ. ಅಮ್ಮನ ಬಿಪಿ ನೆಪದಲ್ಲಿ ಈ ಕ್ಲಿನಿಕ್ಕಿನ ಬೆಂಚು ಕಾಯುವುದೇ ನನ್ನ ಕೆಲಸವಾಗಿದೆ. ಇವತ್ತು ಒಬ್ಬ ಹುಡುಗ ಸೂಜಿ ಕಂಡದ್ದೇ ದೊಪ್ಪನೆ ಬಿದ್ದ. ಹಾಲ್‌ನಲ್ಲಿದ್ದವರೆಲ್ಲ ಎದ್ದು ನಿಂತರು. ಸಿಸ್ಟರ್‌ಗೆ ಮಾತ್ರ ಅವಸರವಿಲ್ಲ. ಅಂಗಾತ ಮಲಗಿಸಿ, ಕಾಲಡಿ ಎರಡು ದಿಂಬಿಟ್ಟು, ನಾಡಿ ಹಿಡಿದು, "ನಿಧಾನ ಇದೆ, ಏನಾಗಲ್ಲ" ಅಂದರು. ನಿಧಾನವಾದರೆ ಒಳ್ಳೆಯದೇ?

ಡಾಕ್ಟರನ್ನು ಕೇಳಿದೆ. ಹೆದರಿ ಬಿದ್ದವನ ನಾಡಿ ಸಾಮಾನ್ಯವಾಗಿ ನಿಧಾನ, ಮಲಗಿಸಿದರೆ ಸುಧಾರಿಸಿಕೊಳ್ಳುತ್ತಾನೆ. ಔಷಧಿ ಒಗ್ಗದೆ ಬಿದ್ದವನ ನಾಡಿ ಓಡುತ್ತದೆ. ತುರಿಕೆ, ತುಟಿ ಊತ, ಉಬ್ಬಸ. ದದ್ದು ಏಳದೆಯೂ ಇರಬಹುದು. ಅವನಿಗೆ ದಿಂಬು ಸಾಲದು, ಅಡ್ರಿನಲಿನ್ ಬೇಕು: ದೊಡ್ಡವರಿಗೆ 0.5 ಮಿ.ಗ್ರಾಂ., ತೊಡೆಯ ಹೊರಬದಿಯ ಸ್ನಾಯುವಿಗೆ. ಅದಕ್ಕೇ ಆ ಪುಟ್ಟ ಆಂಪೂಲು ಸಿರಿಂಜಿನ ಸಮೇತ ಕೈಗೆಟಕುವ ಟ್ರೇಯಲ್ಲಿದೆ. ಜ್ವರದ ಮಾತ್ರೆಯ ಕಪಾಟಿಗೆ ಬೀಗ, ಇದಕ್ಕಿಲ್ಲ!

ಗುರುವಾರ. ಬೆರಳು ಕುಯ್ದುಕೊಂಡವನೊಬ್ಬ ಬೊಬ್ಬೆ ಹೊಡೆಯುತ್ತಿದ್ದ. 17ನೇ ಟೋಕನ್ನಿನ ಅಡಿಕೆ ವ್ಯಾಪಾರಿ ಸೋಡಾ ಬಾಟಲಿ ಹಿಡಿದು ತೆಪ್ಪಗೆ ಕೂತಿದ್ದರು. "ಗ್ಯಾಸು ಸಿಸ್ಟರ್, ರಾತ್ರಿ ಬೋಂಡಾ ತಿಂದಿದ್ದೆ." ಸಿಸ್ಟರ್ ನೋಡಿದ್ದು ಅವರ ಕಾಲರನ್ನು. ಫ್ಯಾನಿನಡಿ ಕೂತಿದ್ದರೂ ತೊಪ್ಪೆಯಾಗಿತ್ತು. ಸರದಿ ಬಿಡಿಸಿ ಒಳಗೆ ಕರೆದೊಯ್ದರು. ಇಂಥವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕಂತೆ. ಪಟ್ಟಿ ನೋಡಿದ ಡಾಕ್ಟರು, ಆಸ್ಪಿರಿನ್ ಒಗ್ಗುತ್ತದೆಯೇ ಎಂದು ಕೇಳಿ, 300 ಮಿ.ಗ್ರಾಂ. ಅಗಿಸಿದರು. ಅಗಿದರೆ ಬೇಗ ರಕ್ತ ಸೇರುತ್ತದಂತೆ. 108ಕ್ಕೆ ಫೋನು ಹೋಯಿತು. ವ್ಯಾಪಾರಿಗಳು ಇನ್ನೂ "ಸ್ಕೂಟರಲ್ಲೇ ಹೋಗ್ತೀನಿ ಬಿಡಿ" ಅನ್ನುತ್ತಲೇ ಇದ್ದರು.

ಬೊಬ್ಬೆ ಹೊಡೆದವನನ್ನು ಬಿಟ್ಟು ಇವರನ್ನೇ ಏಕೆ? "ಕೂಗೋರಿಗೆ ಉಸಿರಿರುತ್ತೆ ಸರ್."

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದ ಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎಂಥ ಸಾಲು! ಈಗ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಪುಕ್ಕಟೆ. ಆದರೂ ಎದೆ ಹಿಡಿದಾಗ ಬಾಯಿಗೆ ಬರುವುದು ಗ್ಯಾಸೇ. ಗ್ಯಾಸಾದರೆ ಮಾನ, ಹಾರ್ಟಾದರೆ ಅವಮಾನವೇ? ನನಗಂತೂ ಬಗೆಹರಿಯದು.

ಶನಿವಾರ. ಸ್ಕೂಟರ್ ಒಯ್ಯಲು ಮಗ ಬಂದಿದ್ದ. ಸ್ಟೆಂಟ್ ಹಾಕಿದ್ದಾರಂತೆ, ಆರಾಮಿದ್ದಾರಂತೆ. "ಆದ್ರೂ ಅಪ್ಪ ಬೋಂಡಾದ್ದೇ ಕೆಲಸ ಅಂತಿದಾರೆ."