ಹೊನ್ನು ಕೊಟ್ಟ ಊರು: ಕೋಲಾರ ಚಿನ್ನದ ಗಣಿ

ಹನುಮಂತನಗರದಿಂದ ಹೊರಟು ಬೆಂಗಳೂರಿನಲ್ಲಿ ಮಾರಿಕುಪ್ಪಂ ಕಡೆಯ ರೈಲನ್ನು ಹತ್ತಿದರೆ, ಬಂಗಾರಪೇಟೆಯ ಮಾರ್ಗವಾಗಿ ಸುಮಾರು ನೂರು ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಯನ್ನು ತಲುಪಬಹುದು. ಜನರ ಬಾಯಲ್ಲಿ ಅದು ಕೆ.ಜಿ.ಎಫ್. ಊರು ಸಮೀಪಿಸಿದಂತೆ ಕಾಣುವ ಬೂದುಬಣ್ಣದ ದಿಬ್ಬಗಳು ನಿಸರ್ಗ ನಿರ್ಮಿತವಲ್ಲ. ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳು.

1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಇಲ್ಲಿನ ಮಣ್ಣಿನಲ್ಲಿ ಚಿನ್ನವನ್ನು ಪರೀಕ್ಷಿಸಿದನು. 1870ರ ದಶಕದಲ್ಲಿ ಮೈಕೇಲ್ ಲವೆಲ್ ಮೈಸೂರು ಸರ್ಕಾರದಿಂದ ಅನುಮತಿ ಪಡೆದು ಗಣಿ ತೋಡಿಸಿದನು. 1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಕಾಲಿಟ್ಟ ಬಳಿಕ ಊರು ಬೆಳೆಯಿತು. ಆಫ್ರಿಕದ ಜೋಹಾನ್ಸ್‌ಬರ್ಗ್ ಹುಟ್ಟಿದ್ದು ಅನಂತರ, 1886ರಲ್ಲಿ. ಅದು ಮಹಾನಗರವಾಯಿತು, ನಮ್ಮದು ಸಣ್ಣ ಊರಾಗಿಯೇ ಉಳಿಯಿತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಮೊದಲು ಈ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷಗಳ ತರುವಾಯ. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬುಗಳಾದವು. ತಮಿಳು, ತೆಲುಗು ಸೀಮೆಗಳಿಂದ ಬಂದ ಕೂಲಿಕಾರರಿಗಾದರೋ ಇಕ್ಕಟ್ಟಾದ ಲೈನ್ ಮನೆಗಳು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಅಲ್ಲಿ ಬಂಡೆಯೇ ಬಿಸಿ. ಒತ್ತಡಕ್ಕೆ ಅದು ಸಿಡಿದಾಗ ಪ್ರಾಣಾಪಾಯ. ಕಲ್ಲುಧೂಳು ಶ್ವಾಸಕೋಶಗಳನ್ನು ಹಾಳುಮಾಡಿತು. 1930ರಲ್ಲಿ ಬೆರಳಚ್ಚು ತೆಗೆಯುವ ಕ್ರಮವನ್ನು ವಿರೋಧಿಸಿ ಕಾರ್ಮಿಕರು ಮುಷ್ಕರ ಹೂಡಿದರು. ಆಭರಣವನ್ನು ನೋಡುವ ಕಣ್ಣು ಇವರ ಬೆವರನ್ನೂ ನೋಡಬೇಡವೆ?

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ ಖರ್ಚು ಏರಿದ್ದರಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು.

ಆದರೂ ಊರು ಬರಿದಾಗಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಕೆಲವರಿಗೆ ಆಸರೆಯಾಯಿತು. ಗಣಿಯವರ ಮಕ್ಕಳು ಮೊಮ್ಮಕ್ಕಳಲ್ಲಿ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬಂದು ರಾತ್ರಿ ಮನೆ ಸೇರುತ್ತಾರೆ. ಒಂದು ಕಾಲಕ್ಕೆ ನಾಡಿಗೆ ಹೊನ್ನನ್ನು ಕಳುಹಿಸಿದ ಊರು ಈಗ ತನ್ನ ಮಕ್ಕಳನ್ನೇ ಕಳುಹಿಸುತ್ತಿದೆ. ಗಣಿ ಬರಿದಾದರೂ ದುಡಿದವರ ಋಣ ತೀರದು. ವಾಚಕರು ಮಕ್ಕಳೊಡನೆ ಒಮ್ಮೆಯಾದರೂ ಈ ಊರನ್ನು ನೋಡಿ ಬರಬೇಕು. ಮನೆಯ ಚಿನ್ನದ ಹಿಂದಿರುವ ಶ್ರಮವನ್ನು ಅವರಿಗೆ ತಿಳಿಸಬೇಕು.